ಮೂರನೇ ರೊಟ್ಟಿ

ಮಗಳ ಮದಿವಿಗೆ ಇನ್ನ ನಾಕ ದಿನ ಉಳದಿದ್ವು. ಆಕಿದು ಒಂದ ಹಟ: "ಆಯಿ ಪದ ಇಲ್ಲಂದ್ರ ನಾ ಸುರಗಿಗೆ ಕುಂದ್ರೂದಿಲ್ಲ." ನಾಕ ಮೂಲಿಗೆ ತಂಬಿಗಿ ಇಟ್ಟು, ನೂಲು ಸುತ್ತಿ, ನಡುವ ಮದಿಮಗಳನ್ನ ಕುಂಡ್ರಿಸಿ ಎಣ್ಣಿ-ಅರಿಷಿಣ ಹಚ್ಚಿ ನೀರ ಹಾಕುವಾಗ ಹಾಡೂ ಪದ ಅದು. ಆಕಿ ಆಯಿ, ಅಂದ್ರ ನಮ್ಮ ಅತ್ತಿಯವರು, ಅಮ್ಮಿನಬಾವಿ ತವರಿನಿಂದ ತಂದದ್ದು. ಪೂರಾ ಬರ್ತಿದ್ದದ್ದು ಅವರೊಬ್ಬರಿಗೆ. ಹೋದ ವರ್ಷ ಅವರಿಗೆ ಲಕ್ವಾ ಹೊಡದು ಮಾತ ನಿಂತ ಹೋತು.

ನಾನು ಅದನ್ನ ರೆಕಾರ್ಡ್ ಮಾಡಿದ್ದೆ, ಖರೇ. ಎಲ್ಲಿ ಇಟ್ಟೆ ಅನ್ನೂದ ನೆನಪಿಲ್ಲ. ಮನಿಮಂದಿ ಹಳೇ ಫೋನಿನ್ಯಾಗಿದ್ದದ್ದೆಲ್ಲಾ ಒಂದ ಡಿಸ್ಕಿನ್ಯಾಗ ತುರುಕಿದಾಕಿ ನಾನ. ಹುಬ್ಬಳ್ಳಿಯ ಕಾಲೇಜೊಂದರಾಗ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳಾಕಿ ಬ್ಯಾರೆ! "ಊರಿಗೆಲ್ಲಾ ಬುದ್ಧಿ ಹೇಳ್ತಿ," ಅಂತ ಯಜಮಾನ್ರು ಚುಚ್ಚಿದ್ರು. "ಹಂಗಾರ ನೀವ ಹುಡುಕ್ರಿ," ಅಂದೆ. ಚಾ ಕಪ್ ಹಿಡಕೊಂಡು ಪಡಸಾಲಿಗೆ ನಡದ್ರು.

ಮರುದಿನ ಡಿಸ್ಕ್ ಲ್ಯಾಬಿಗೆ ಒಯ್ದೆ. ಹಾಡು, ಸುರಗಿ, ಆಯಿ ಅಂತ ಹುಡುಕಿದ್ರ ಏನೂ ಸಿಗಲಿಲ್ಲ. ಇದ್ದಬಿದ್ದ ಫೈಲಿಂದೆಲ್ಲಾ ಪಟ್ಟಿ ಕೊಡು ಅಂತ ಕಮಾಂಡ್ ಕೊಟ್ಟೆ. ಕರೀ ಪರದಿ ಮ್ಯಾಲ ಸಾವಿರಾರು ಸಾಲು ಸರ್ರಂತ ಹಾರಿ ಹೋಗಿ ಕಡೀವಷ್ಟ ಉಳದ್ವು. ಹಿಂದಕ್ಕ ಸರಿಸಿದ್ರ ಸ್ವಲ್ಪ ಹೋಗಿ ನಿಂತ ಬಿಡ್ತಿತ್ತು. ಮತ್ತ ಕೊಟ್ಟೆ, ಮತ್ತ ಹಾರಿತು. ಫೋನಿನ್ಯಾಗ ಫೋಟೋ ಹೊಡದೆ, ಬರೇ ಮಸುಕು. "ಇದರ ಮನಿ ಹಾಳಾಗ!" ಅಂತ ಒದರೇಬಿಟ್ಟೆ.

ಬಾಜೂಕ ಕುಂತಿದ್ದ ಹೊಸಾ ಲೆಕ್ಚರರ್ ಹುಡುಗಿ ನಕ್ಕಳು. "ಅದರ ಬೆನ್ನ ಯಾಕ ಹತ್ತೀರಿ ಮೇಡಂ? ಎಡಿಟರ್ ತಗೀರಿ, ಅದರ ಒಳಗಿಂದನ ಕಮಾಂಡ್ ಕೊಡ್ರಿ." ಕೋಲನ್, ಆರ್, ಆಶ್ಚರ್ಯಸೂಚಕ ಚಿಹ್ನಿ, ಮುಂದ ಅದ ಕಮಾಂಡ್. ಒತ್ತಿದ್ದ ತಡ, ಪಟ್ಟಿ ಪೂರಾ ಎಡಿಟರಿನ ಪುಟದ ಮ್ಯಾಲ ಬಂದು ತೆಪ್ಪಗ ಕುಂತಿತು. ಮ್ಯಾಲ ಹೋಗು ಅಂದ್ರ ಹೋಗ್ತೇತಿ, ಕೆಳಗ ಬಾ ಅಂದ್ರ ಬರ್ತೇತಿ. ದಿನಾ ಪ್ರೋಗ್ರಾಂ ಬರಿಯಾಕ ತಗಿಯೂ ಎಡಿಟರ್ ಅದು! ಕೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಿದ್ದೆ.

ಅಕ್ಕಿ ಆರಿಸಿದಂಗ ಸಾಲ ಸಾಲ ನೋಡಕೋತ ಹೋದೆ. ನಡುವ 'ರೊಟ್ಟಿ' ಅಂತ ಮೂರು ಫೈಲು, ಒಂದರ ಕೆಳಗ ಒಂದು. ಮೊದಲಿನ ಎರಡು ಸಣ್ಣವು. ಮೂರನೇದರ ಗಾತ್ರ ಅವುಕ್ಕಿಂತ ಹತ್ತ ಪಟ್ಟು. ರೊಟ್ಟಿ ಬಡಿಯೂದು ತೋರಸಾಕ ಅಷ್ಟೊತ್ತು ಯಾಕ?

ಆವಾಗ ನೆನಪಾತು. ಸುರಗಿ ಪದ ಸುಮ್ಮಸುಮ್ಮನ ಹಾಡಬಾರದು, ನೂಲು ಸುತ್ತಿದ ಮ್ಯಾಲನ ಹಾಡಬೇಕು ಅಂತ ಅತ್ತಿಯವರ ಕಟ್ಟಳಿ. ಎಷ್ಟ ಅಂಗಲಾಚಿದ್ರೂ ಫೋನಿನ ಮುಂದ ಬಾಯಿ ಬಿಟ್ಟಿರಲಿಲ್ಲ. ಕಡೀಕೆ "ರೊಟ್ಟಿ ಬಡಿಯೂದನ್ನರ ತೋರಸ್ರಿ" ಅಂತ ಫೋನ್ ಇಟ್ಟಿದ್ದೆ. ಎರಡ ರೊಟ್ಟಿ ಆದವು, ಒಂದೊಂದಕ್ಕ ಒಂದೊಂದ ಫೈಲು. ಮೂರನೇದಕ್ಕ ಕೈ ಲಯ ಹಿಡೀತು, ಫೋನ್ ಇದ್ದದ್ದ ಮರತು ಹಾಡಕೋತ ಒಂದರ ಮ್ಯಾಲ ಒಂದು ಬಡದ್ರು. ಕದ್ದ ಪದಕ್ಕ ಪದ ಅಂತ ಹೆಸರ ಇಡಾಕ ನನಗ ಧೈರ್ಯ ಆಗಿರಲಿಲ್ಲ.

ಹೆಡ್‌ಫೋನ್ ಹಾಕ್ಕೊಂಡೆ. ಪಟಪಟ ಸಪ್ಪಳದಾಗ ಅತ್ತಿಯವರ ದನಿ, ಶುರುವಿಂದ ಕಡೀತನ. ಲ್ಯಾಬಿನ್ಯಾಗ ಕುಂತಲ್ಲೇ ಅತ್ತೆ. ಲೆಕ್ಚರರ್ ಹುಡುಗಿ ಗಾಬರಿ ಆಗಿ ನೀರ ತಂದಳು.

ಸುರಗಿ ದಿನ ನೂಲು ಸುತ್ತೂತನ ಕಾದೆ, ಆಮ್ಯಾಲ ಫೋನಿನ್ಯಾಗ ಪದ ಹಚ್ಚಿದೆ. ಬಾಜೂಕ ಕುರ್ಚಿ ಮ್ಯಾಲಿದ್ದ ಅತ್ತಿಯವರು ಥಟ್ಟನ ನನ್ನ ಕಡೆ ತಿರುಗಿದ್ರು. ಕಳ್ಳಿ ಸಿಕ್ಕಬಿದ್ದೆ ಅಂದ್ಕೊಂಡು ತಲಿ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಪಟಪಟ ಸಪ್ಪಳ ಎರಡು ಕಡೆಯಿಂದ ಕೇಳಾಕ ಹತ್ತಿತು. ಅವರ ಲಕ್ವಾ ತಾಗದ ಎಡಗೈ ತೊಡಿ ಮ್ಯಾಲ ರೊಟ್ಟಿ ಬಡ್ಯಾಕತ್ತಿತ್ತು. ಪದ ಮುಗಿಯೂತನ ಅದು ನಿಲ್ಲಲಿಲ್ಲ.