ಮೇಲಿನ ಸಾಲು

ಮಹಾನಂದಾ ಬಮ್ಮಿಗಟ್ಟಿ ಊರಿನ ಆ ಮನೆಗೆ ಸೊಸೆಯಾಗಿ ಬಂದಾಗ ನಾದಿನಿ ಅರುಣಾ ಕಾಲೇಜಿಗೆ ಹೋಗುತ್ತಿದ್ದಳು. ಅರುಣಾಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಪಾಠದ ಪುಸ್ತಕಗಳನ್ನು ಯಾರಾದರೂ ಓದಿ ಹೇಳಬೇಕಿತ್ತು. ಅವಳ ಅಣ್ಣ, ಮಹಾನಂದಾಳ ಗಂಡ ಸಿದ್ಧಾರೂಢ ಓದಲು ಕುಳಿತರೆ ಎರಡನೆಯ ಪುಟಕ್ಕೇ ಆಕಳಿಸುತ್ತಿದ್ದ. ಪಿಯುಸಿಗೆ ಓದು ಬಿಟ್ಟು ಮದುವೆಯಾಗಿದ್ದ ಮಹಾನಂದಾ ಒಂದು ಮಧ್ಯಾಹ್ನ ತಾನಾಗಿಯೇ ಪುಸ್ತಕ ಎತ್ತಿಕೊಂಡಳು. ಆಮೇಲೆ ಕೆಳಗಿಡಲಿಲ್ಲ. ಬಿ.ಎ. ಮುಗಿಯಿತು, ಬಿ.ಎಡ್. ಮುಗಿಯಿತು. ಅಷ್ಟೂ ಪುಸ್ತಕಗಳನ್ನು, ಇಂಗ್ಲಿಷಿನದನ್ನೂ ಬಿಡದೆ, ಅವಳು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಅರುಣಾ ದೇವಿಕೊಪ್ಪದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದ ಮೇಲೂ ನಾಳೆಯ ಪಾಠಕ್ಕೆ ಇಂದು ಕೇಳಿಸಿಕೊಳ್ಳುತ್ತಿದ್ದದ್ದು ಅತ್ತಿಗೆಯ ದನಿಯನ್ನೇ. ಅದೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿತ್ತು.

ಬೀಗರು ನೆಂಟರು ಬಂದಾಗ ಸಿದ್ಧಾರೂಢ ಹೇಳುತ್ತಿದ್ದ, "ನಮ್ಮ ಅರುಣಾನ್ನ ಓದಿಸಿದಾಕಿ ಇಕಿನ ನೋಡ್ರಿ." ಅಡುಗೆಮನೆಯ ಆಚೆ ಮಹಾನಂದಾಳ ಬಗ್ಗೆ ಆ ಮನೆಯಲ್ಲಿ ಬರುತ್ತಿದ್ದ ಮಾತು ಅದೊಂದೇ. ಆ ಮಾತು ಕಿವಿಗೆ ಬಿದ್ದ ದಿನ ಅವಳ ಕೆಲಸವೆಲ್ಲ ಹಗುರವಾಗಿ ಸಾಗುತ್ತಿತ್ತು.

ಸಕ್ಕರೆ ಕಾಯಿಲೆ ಅವಳಿಗೆ ಮೊದಲಿನಿಂದಲೂ ಇತ್ತು. ಗುಳಿಗೆ ನುಂಗುತ್ತಿದ್ದಳು, ಮರೆಯುತ್ತಿದ್ದಳು. ಹೋದ ದೀಪಾವಳಿಯ ಹೊತ್ತಿಗೆ ಓದುವ ಸಾಲಿನ ನಡುವೆ ಮಸಿ ಮೆತ್ತಿದಂತೆ ಕಾಣತೊಡಗಿತು. ಚಷ್ಮಾ ಬದಲಿಸಿದಳು. ಮಸಿ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಅರುಣಾ ಪೇಪರು ಓದಲು ಕರೆದರೆ "ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು, ಇಲ್ಲವೇ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗುತ್ತಿದ್ದಳು. ಕಣ್ಣಿಲ್ಲದವಳ ಮುಂದೆ ಕೂತು ನನ್ನ ಕಣ್ಣು ಹೋಗುತ್ತಿದೆ ಎಂದು ಹೇಗೆ ಹೇಳುವುದು ಎಂಬುದು ಅವಳ ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಓದಲಾಗದಿದ್ದರೆ ಈ ಮನೆಯಲ್ಲಿ ತಾನು ಯಾರು?

ಹೀಗಿರುವಾಗ ಅರುಣಾಳ ಲ್ಯಾಪ್‌ಟಾಪು ಮುದಿಯಾಯಿತು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ಸಾಫ್ಟ್‌ವೇರ್ ಅದರಲ್ಲಿತ್ತು. ಚಾಲೂ ಮಾಡಿ ಚಹಾ ಕುಡಿದು ಮುಗಿಸಿದರೂ ಅದು ಬಾಯಿ ಬಿಡುತ್ತಿರಲಿಲ್ಲ; ಬಿಟ್ಟರೂ ತೊದಲುತ್ತಿತ್ತು. ಕಲಘಟಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಾಧಿಕ್, ಒಳಗಿನ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಹಾಕಿದರೆ ಓಡುತ್ತದೆ ಎಂದ. ಆದರೆ ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಬಿಡಲು ಅರುಣಾ ಒಪ್ಪಲಿಲ್ಲ. ಹಿಂದೊಮ್ಮೆ ಬೇರೆ ಯಾರೋ ರಿಪೇರಿ ಮಾಡಿ ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟಿದ್ದರು; ಮಾತನಾಡದ ಯಂತ್ರವನ್ನು ಮುಂದಿಟ್ಟುಕೊಂಡು ಅವಳು ವಾರಗಟ್ಟಲೆ ಕಳೆದಿದ್ದಳು. "ಇದ್ದದ್ದು ಇದ್ದಂಗ ಹೊಸಾದಕ್ಕ ಹೋಗಬೇಕು. ನಾನ ಮಾಡ್ತೀನಿ," ಎಂದಳು. ಸಾಧಿಕ್ ಹೊಸ ಡಿಸ್ಕನ್ನು ವೈರು ಇರುವ ಸಣ್ಣ ಡಬ್ಬಿಯಲ್ಲಿ ಕೂಡಿಸಿ, ನಕಲು ಮಾಡುವ ಪೆನ್‌ಡ್ರೈವ್ ಕೊಟ್ಟು, ಮಾಡುವ ಕ್ರಮವನ್ನೆಲ್ಲ ಹೇಳಿಕೊಟ್ಟ. ಪೆನ್‌ಡ್ರೈವಿನಿಂದ ಚಾಲೂ ಮಾಡಿದರೆ ಮಾತನಾಡುವ ಸಾಫ್ಟ್‌ವೇರ್ ಕೆಲಸ ಮಾಡುವುದಿಲ್ಲ. ಪರದೆ ನೋಡಲು ಒಬ್ಬರು ಬೇಕು ಎಂದೂ ಹೇಳಿದ.

ಭಾನುವಾರ ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಕುಳಿತರು.

"ವೈನಿ, ಬೇಕಂದ್ರ ಸಾಧಿಕಗ ವಿಡಿಯೋ ಕಾಲ್ ಮಾಡೂಣೇನ್ರಿ?"

"ಯಾಕ? ನಾ ಇದ್ದೀನಲ್ಲ," ಎಂದಳು ಮಹಾನಂದಾ.

ಕಪ್ಪು ಪರದೆಯ ಮೇಲೆ ಸಣ್ಣ ಬಿಳಿ ಅಕ್ಷರಗಳು ಬಂದವು. "ಎರಡ ಡಿಸ್ಕಿನ ಹೆಸರು ಕಾಣ್ತಾವ ನೋಡ್ರಿ. ಐನೂರು ಜಿಬಿ ಅಂತ ಇದ್ದದ್ದು ಹಳೇದು. ಐನೂರಾ ಹನ್ನೆರಡು ಇದ್ದದ್ದು ಹೊಸಾದು. ಮೊದಲ ಹಳೇದನ್ನ ಆರಿಸಬೇಕು. ಯಾವ ಸಾಲಿನಾಗ ಐತಿ?"

ಮಹಾನಂದಾ ಪರದೆಗೆ ಮೂಗು ತಾಗಿಸುವಷ್ಟು ಬಾಗಿದಳು. ಎರಡೂ ಸಾಲಿನಲ್ಲಿ ಒಂದು ಐದು ಕಂಡಿತು. ಅದರ ಮುಂದಿನದೆಲ್ಲ ಮಸಿ. ತಲೆ ಓರೆ ಮಾಡಿ ನೋಡಿದಳು, ಚಷ್ಮಾ ಎತ್ತಿ ನೋಡಿದಳು. ಹಳೆಯದು ಮೊದಲಿನಿಂದ ಇರುವುದಲ್ಲವೇ, ಮೇಲೆಯೇ ಇರಬೇಕು ಎನಿಸಿತು.

"ಮ್ಯಾಲಿನ ಸಾಲು," ಎಂದಳು.

ಅರುಣಾ ಕೀಲಿ ಒತ್ತಿದಳು. ಕೆಂಪು ಅಕ್ಷರದಲ್ಲಿ ಇನ್ನೇನೋ ಬಂತು. "ಅಳಿಸಿ ಹೋಗ್ತೈತಿ ಅಂತ ಕೇಳ್ತಿರಬೇಕು. ಯಾವ ಡಿಸ್ಕಿನ ಹೆಸರೈತಿ?"

"ಹೊಸಾದರದ್ದ ಐತಿ." ಮಹಾನಂದಾ ಅದನ್ನು ಓದಿರಲಿಲ್ಲ.

ಅರ್ಧ ತಾಸು ಸಹ ಆಗಿರಲಿಲ್ಲ, ಪರದೆ ಬದಲಾಯಿತು. ಮುಗಿದ ಹಾಗಿದೆ ಎಂದು ಮಹಾನಂದಾ ಹೇಳಿದಾಗ ಅರುಣಾಳ ಕೈ ಕೀಲಿಗಳ ಮೇಲೆಯೇ ನಿಂತಿತು.

"ಇಷ್ಟು ಲಗೂ? ಸಂಜಿ ಆಗ್ತೈತಿ ಅಂದಿದ್ದ ಅಂವ."

ಪೆನ್‌ಡ್ರೈವ್ ಕಿತ್ತು, ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದಳು. ತಲೆ ಬಗ್ಗಿಸಿ ಕಾದಳು. ಅದು ಮಾತನಾಡಲೇ ಇಲ್ಲ.

ಮರುದಿನ ಸಿದ್ಧಾರೂಢ ಇಬ್ಬರನ್ನೂ ಟಂಟಂ ಆಟೋ ಹತ್ತಿಸಿಕೊಂಡು ಕಲಘಟಗಿಗೆ ಹೋದ. ಸಾಧಿಕ್ ಪರೀಕ್ಷಿಸಿ, ಹೇಳಲು ಹಿಂಜರಿದು, ಕೊನೆಗೆ ಹೇಳಿದ. "ಅಕ್ಕೋರ, ಉಲ್ಟಾ ಆಗೈತ್ರಿ. ಖಾಲಿ ಡಿಸ್ಕ್ ಹೋಗಿ ತುಂಬಿದ್ದರ ಮ್ಯಾಲೆ ಕಾಪಿ ಆಗೈತಿ."

"ಹಳೇದು ಹ್ಯಾಂಗೂ ಉಳೀತೈತಿ ಅಂತ ಬ್ಯಾರೆ ಕಡೆ ಕಾಪಿನೂ ಇಟ್ಟಿಲ್ಲ ನಾ," ಎಂದಳು ಅರುಣಾ. ದನಿ ಬಹಳ ಸಣ್ಣದಾಗಿತ್ತು.

ಸಿದ್ಧಾರೂಢ ಹೆಂಡತಿಯ ಕಡೆ ತಿರುಗಿದ. "ಇಂಗ್ಲಿಷ್ ತಿಳೀದಿದ್ರ ಸುಮ್ಮನಿರಬೇಕಿಲ್ಲೋ? ಶಾಣ್ಯಾತನ ಮಾಡಾಕ ಹೋದಿ."

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. "ಹೌದ್ರಿ. ಇಂಗ್ಲಿಷ್ ತಿಳೀಲಿಲ್ಲ ನನಗ," ಎಂದಳು ಮಹಾನಂದಾ. ದಡ್ಡಿ ಎನ್ನಿಸಿಕೊಳ್ಳುವುದೇ ಆ ಗಳಿಗೆಯಲ್ಲಿ ಸುಲಭವೆನಿಸಿತು. ಅರುಣಾ ಅವಳ ದನಿ ಬಂದ ಕಡೆ ಮುಖ ಮಾಡಿದಳು. ಅಳಿಸಿದ್ದರಲ್ಲಿ ಸಿಕ್ಕಷ್ಟು ತೆಗೆದು ನೋಡುತ್ತೇನೆಂದು ಸಾಧಿಕ್ ಡಿಸ್ಕ್ ಇಟ್ಟುಕೊಂಡ.

ಸಂಜೆ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಾಗ ಅರುಣಾ ಗೋಡೆ ಹಿಡಿದು ಅಡುಗೆಮನೆಗೆ ಬಂದಳು.

"ಬಿ.ಎ. ಇಂಗ್ಲಿಷ್ ಪುಸ್ತಕ ಪೂರಾ ಓದಿ ಹೇಳಿದಾಕಿ ನೀ. ಐನೂರು ಅನ್ನೂದು ತಿಳೀಲಿಲ್ಲೇನು ನಿನಗ?"

ನಾದಿನಿ 'ನೀ' ಎಂದದ್ದು ಅದೇ ಮೊದಲು. ಮಹಾನಂದಾ ಬಡಿದ ರೊಟ್ಟಿಯನ್ನು ತವೆಗೆ ಹಾಕಿದಳು.

"ಪೇಪರ್ ಬಾಗಲಿಗೆ ಬಿದ್ದ ಸಪ್ಪಳ ನನಗ ದಿನಾ ಕೇಳ್ತೈತಿ. ನೀ ದಿನಾ ಬಂದಿಲ್ಲ ಅಂತಿ. ನನ್ನ ಮ್ಯಾಲೆ ಬ್ಯಾಸರ ಆಗೈತಿ ಅಂತ ತಿಳಕೊಂಡಿದ್ದೆ ನಾ. ಖರೆ ಹೇಳು, ಕಣ್ಣಿಗೇನಾಗೈತಿ?"

ಮಹಾನಂದಾ ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ತವೆಯ ಮೇಲಿನ ರೊಟ್ಟಿ ಕಪ್ಪಾಗುವವರೆಗೂ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಅರುಣಾ ಸಮಾಧಾನ ಮಾಡಲಿಲ್ಲ. ಅವಳಿಗೆ ಸಿಟ್ಟೇ ಬಂದಿತ್ತು. "ನನ್ನ ಮುಂದ ಮುಚ್ಚಿಟ್ಟಿ? ನನ್ನ ಮುಂದ?" ಎಂದಳು. "ನಾಳೆನೂ ನಾ ರಜಾ ಹಾಕ್ತೀನಿ. ಹುಬ್ಬಳ್ಳಿಗೆ ಹೋಗೂಣು," ಎಂದು ತಿರುಗಿ ಹೋದಳು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಕಣ್ಣಿಗೆ ಹನಿ ಹಾಕಿ ನೋಡಿದರು. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆ ಹಾಳಾಗಿದೆ ಎಂದರು. "ಹೋದದ್ದು ಪೂರಾ ತಿರುಗಿ ಬರ್ತದಂತ ಹೇಳೂದಿಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೂಣು. ಯಾಕ ಇಷ್ಟು ತಡಾ ಮಾಡಿದ್ರಿ?" ಕಣ್ಣಿಗೆ ಇಂಜೆಕ್ಷನ್ ಕೊಡಬೇಕು, ತಪ್ಪದೆ ಬರಬೇಕು ಎಂದರು.

ಸಾಧಿಕ್ ಅದೇ ವಾರ ಫೋನ್ ಮಾಡಿದ. ದನಿಯ ಫೈಲುಗಳು ಒಂದಷ್ಟು ಸಿಕ್ಕಿದ್ದವು, ಆದರೆ ಯಾವುದಕ್ಕೂ ಹೆಸರಿರಲಿಲ್ಲ. ಕೆಲವು ಅರ್ಧಕ್ಕೇ ತುಂಡಾಗಿದ್ದವು. ಬಿ.ಎಡ್. ಪುಸ್ತಕಗಳ ಓದಂತೂ ಒಂದೂ ಸಿಗಲಿಲ್ಲ. ಹೊಸ ಡಿಸ್ಕ್ ಹಾಕಿದ ಲ್ಯಾಪ್‌ಟಾಪು ಗುಂಡಿ ಒತ್ತುತ್ತಲೇ ಮಾತನಾಡತೊಡಗಿತು. ಅರುಣಾ ಸಿಕ್ಕ ಫೈಲುಗಳನ್ನು ಒಂದೊಂದಾಗಿ ಕೇಳುತ್ತ ಪಾಠ ಯಾವುದೆಂದು ಗುರುತಿಸತೊಡಗಿದಳು. ಪಡಸಾಲೆಯಿಂದ ಆ ದನಿ ಬಂದಾಗಲೆಲ್ಲ ಮಹಾನಂದಾ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಎಲ್ಲೂ ತಡೆಯದೆ, ಉಸಿರು ಕಟ್ಟದೆ ಓದುವ ಆ ಹೆಂಗಸಿನ ದನಿಯನ್ನು ಅವಳಿಗೆ ಕೇಳಲಾಗುತ್ತಿರಲಿಲ್ಲ.

ಗಂಡನಿಗೆ ಅವಳು ಹೇಳಿದ್ದು ಮೊದಲ ಇಂಜೆಕ್ಷನ್ನಿನ ಹಿಂದಿನ ದಿನ. ತಾನು ಹೇಳಲೇ ಎಂದು ಅರುಣಾ ಕೇಳಿದ್ದಳು; ಮಹಾನಂದಾ ಬೇಡವೆಂದಿದ್ದಳು. ಸಿದ್ಧಾರೂಢ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ.

"ಅವತ್ತು ಅಂಗಡ್ಯಾಗ ಇಂಗ್ಲಿಷ್ ತಿಳೀಲಿಲ್ಲ ಅಂದೆನಲ್ರಿ, ಅದು ಸುಳ್ಳು. ನನಗ ಕಾಣಲಿಲ್ಲ. ಈಗ ನಿಮ್ಮ ಮಾರಿನೂ ನಡುವ ಕಾಣೂದಿಲ್ಲ ನನಗ. ನಾಳೆ ಹುಬ್ಬಳ್ಯಾಗ ಕಣ್ಣಿಗೆ ಇಂಜೆಕ್ಷನ್ ಐತಿ."

ಅವನು ನೀರಿನ ಚರಿಗೆ ಹಿಡಿದುಕೊಂಡೇ ನಿಂತ. ಅಂಗಡಿಯಲ್ಲಿ ಆಡಿದ ಮಾತು ನೆನಪಾಗಿರಬೇಕು. ಕೊನೆಗೆ, "ಮುಂಜಾನೆ ಮೊದಲ ಬಸ್ಸಿಗೆ ಹೋಗೂಣು. ಆಮ್ಯಾಲೆ ರಶ್ ಆಗ್ತೈತಿ," ಎಂದ.

"ಹೂನ್ರಿ," ಎಂದು ಮಹಾನಂದಾ ಕಾಲು ಒರೆಸಿಕೊಳ್ಳಲು ಟವೆಲ್ ಕೊಟ್ಟಳು.