ಬಿಡುವ ಮನೆಯ ಮಾಳಿಗೆಗೆ ಮಣ್ಣು

ಮೊನ್ನೆ ಭಾನುವಾರ ನನ್ನನ್ನು ಮಾಳಿಗೆಯಿಂದ ಕಳ್ಳನನ್ನು ಇಳಿಸಿದ ಹಾಗೆ ಇಳಿಸಿದರು. ಅದೂ ನಾನೇ ವಾಸವಿರುವ ಮನೆಯ ಮಾಳಿಗೆಯಿಂದ! ನನ್ನ ಕೈಯಲ್ಲಿದ್ದದ್ದಾದರೂ ಏನು? ಒಂದು ಮಂಕರಿ ಕರಲು ಮಣ್ಣು.

ಶಿರಾದ ನಮ್ಮ ಬೀದಿಯಲ್ಲಿ ಎಲ್ಲವೂ ಚಪ್ಪಟೆ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳೇ. ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಕರಲು ಮಣ್ಣು ಹರಡಿ ತುಳಿದರೆ ಒಳಗೆ ಹನಿ ನೀರೂ ಇಳಿಯದು. ಹಾಕಿಸಬೇಕಾದವನು ಮನೆಯ ಯಜಮಾನ. ಬಾಡಿಗೆಯವನೇ ಮಣ್ಣು ಹಾಕಿದನೆಂದರೆ ಮನೆಯ ಮೇಲೆ ಹಕ್ಕು ಹೂಡಿದ ಎಂದೇ ಇಲ್ಲಿಯವರ ನಂಬಿಕೆ. (ಹನ್ನೊಂದು ವರ್ಷದಿಂದ ಈ ಊರಿನಲ್ಲಿ ಮೇಷ್ಟ್ರು ನಾನು. ಇದು ಮಾತ್ರ ಗೊತ್ತಿರಲಿಲ್ಲ.)

ನಮ್ಮ ಯಜಮಾನರು ಮನೆ ಬಿಡಿಸಿಕೊಳ್ಳಲು ಕೋರ್ಟಿಗೆ ಹೋದರು, ಗೆದ್ದರು. ಗೆಲ್ಲಲಿ. ದೀಪಾವಳಿಯವರೆಗೆ ನಾವಿರಬಹುದೆಂದು ಆರ್ಡರಾಯಿತು. ಯುದ್ಧದ ಕಾಲ, ಬೇರೆ ಮನೆ ಸಿಕ್ಕಿಲ್ಲ. ಆದರೆ ಮಳೆ ದೀಪಾವಳಿಗೆ ಕಾಯುತ್ತದೆಯೇ? ಮೊದಲ ಮಳೆಗೇ ಹಿಂದಿನ ಕೋಣೆ ಸೋರಿತು. ಆ ಕೋಣೆಯಲ್ಲಿ ಹೆರಿಗೆಗೆ ಬಂದ ನನ್ನ ಮಗಳು, ಅವಳ ಹತ್ತು ದಿನದ ಕೂಸು.

ಯಜಮಾನರ ಬಳಿ ಓಡಿದೆ.

"ಬುಡೋ ಮನೆಗೆ ರಿಪೇರಿ ಯಾಕೆ ಮೇಷ್ಟ್ರೇ? ನಾನು ಮಣ್ಣು ಹಾಕಿಸ್ಬುಟ್ರೆ ನೀವು ಇನ್ನೊಂದು ವರ್ಸ ಏಳಾಕಿಲ್ಲ."

ಬಿಡುವ ಮನೆಯಂತೆ! ಬಿಡುವ ದಿನದವರೆಗೂ ಅದು ಮನೆಯಲ್ಲವೇ? ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪದೆ ತೆಗೆದುಕೊಳ್ಳುತ್ತಾರಲ್ಲ!

ನಾನೇ ಒಂದು ಗಾಡಿ ಮಣ್ಣು ತರಿಸಿ, ಕೂಲಿಗೆ ಹನುಮಕ್ಕನನ್ನು ಕರೆದುಕೊಂಡು ಏಣಿ ಹತ್ತಿದೆ. ಅರ್ಧ ಮಾಳಿಗೆ ಮುಗಿದಿರಲಿಲ್ಲ, ಯಜಮಾನರು ಆಳುಗಳ ಸಮೇತ ಹಾಜರು.

"ಇಳೀರೀ ಕೆಳಿಕೆ! ಇವತ್ತು ಮಣ್ಣು ಹಾಕ್ತೀರಿ, ನಾಳೆ ಮನೇನೇ ನಂದು ಅಂತೀರಿ. ನಾನೇನು ಕಿವಿಗೆ ಹೂ ಮಡಿಕ್ಕೊಂಡಿದ್ದೀನಾ?"

"ಒಳಗೆ ಬಾಣಂತಿ ಇದ್ದಾಳೆ, ಸ್ವಾಮಿ."

"ಇರ್ಲಿ. ನಾನೇನು ಬ್ಯಾಡ ಅಂದ್ನಾ?"

ಹರಡಿದ್ದನ್ನೆಲ್ಲ ಆಳುಗಳಿಂದ ಗುದ್ದಲಿಯಲ್ಲಿ ಕೆರೆಸಿ ಬೀದಿಗೆ ಹಾಕಿಸಿದರು. ಜೊತೆಗೆ ಹಳೆಯ ಮಣ್ಣೂ ಹೋಯಿತು. "ಇವ್ನ ಮನೆ ಹಾಳಾಗ! ಕೂಸಿನ ಮ್ಯಾಲೆ ನೀರು ಸುರೀತೈತೆ, ಇವುನ್ಗೆ ಹಕ್ಕಿನ ಚಿಂತೆ ಕಣಮ್ಮ," ಎಂದು ಹನುಮಕ್ಕ ನನ್ನ ಹೆಂಡತಿಯ ಮುಂದೆ ಗೊಣಗಿದಳು. ನಾನು ಅವಳ ಕೂಲಿ ಎಣಿಸಿ ಕೊಟ್ಟೆ. ನಾಚಿಕೆಯಾಯಿತು.

ಸೋಮವಾರ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಮಧುಗಿರಿಯ ನನ್ನ ಲಾಯರರ ಬಳಿ ಹೋದೆ. ರಿಪೇರಿ ಮಾಡಿಸಬೇಕಾದವರು ಯಜಮಾನರೇ ಎಂದರು. ಕೇಸು ಹಾಕೋಣವೇ ಎಂದೆ. "ಹಾಕೋಣ. ವಿಚಾರಣೆಗೆ ಬರೋ ಹೊತ್ತಿಗೆ ದೀಪಾವಳಿ ಆಗಿರುತ್ತೆ," ಎಂದು ನಕ್ಕರು. ಆಮೇಲೆ ಕನ್ನಡಕ ಏರಿಸಿ ಆರ್ಡರಿನ ಕೊನೆಯ ಸಾಲು ಓದಿದರು. ಬಾಡಿಗೆದಾರನು ಮನೆಯನ್ನು ಸುಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು.

ಮಂಗಳವಾರ ಮತ್ತೆ ಮಳೆ. ಆವತ್ತಿನಿಂದ ಕೂಸಿಗೆ ಕೆಮ್ಮು, ಜ್ವರ. ಹಾಲು ಕುಡಿಯುತ್ತಿಲ್ಲ. ನಾಳೆ ಅಳಿಯ ಬರುತ್ತಾನೆ, ಮಗುವಿನ ಮುಖ ನೋಡಲು.

ಅವನಿಗೆ ನಾನು ಕೂಸನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು, ಸ್ವಾಮಿ?