ನಂಜಮ್ಮನ ಹೊಟ್ಟೆಯುರಿ

ಮಗಳು ಒದ್ದೆ ತಲೆಯಲ್ಲಿ ಹೊಳೆಯಿಂದ ಮನೆಗೆ ಬಂದಾಗಲೆಲ್ಲ ಜಗಲಿಯ ಮೇಲೆ ಕೂತ ನಂಜಮ್ಮನ ಹೊಟ್ಟೆಯೊಳಗೆ ಚುರ್ರೆನ್ನುತ್ತಿತ್ತು. ಅದಕ್ಕೆ ಏನು ಹೆಸರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನಾಚಿಕೆಯೂ ಆಗುತ್ತಿತ್ತು.

ಆ ಹುಡುಗಿಯನ್ನು ನೀರಿಗಿಳಿಸಿದವಳೇ ಅವಳು. ಪಾಳ್ಯದ ಕಡೆಯ ತವರಿನಲ್ಲಿ ಅಣ್ಣಂದಿರ ಹಿಂದೆ ಕೆರೆಗೆ ಬಿದ್ದು ಈಜು ಕಲಿತಿದ್ದ ನಂಜಮ್ಮ, ಬೆಳಗೋಡಿನ ಹತ್ತಿರದ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಸೀರೆಗೆ ಕಚ್ಚೆ ಹಾಕಿ ಹೇಮಾವತಿಯ ಮಡುವಿಗೆ ಧುಮುಕಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೂಗಿಕೊಂಡಿದ್ದರು. ಗಂಡ ದ್ಯಾವಯ್ಯನಿಗೆ ಮೊಣಕಾಲುದ್ದ ನೀರೆಂದರೂ ಭಯ. "ಹೆಂಗಸ್ರು ಮಾಡೋ ಕೆಲ್ಸ ಅಲ್ಲ ಕಣೇ ಇದು," ಎಂದು ಅವನು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ದೇವೀರಿಗೆ ಐದು ತುಂಬುವ ಹೊತ್ತಿಗೆ ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟಳು. ಗುಡ್ಡ ಹತ್ತಿಸಿ ನೆಲ್ಲಿಕಾಯಿ ಕೀಳುವುದನ್ನು ಕಲಿಸಿದಳು. ಕಾಲು ಜಾರಿ ಅತ್ತರೆ, "ಎದ್ದೇಳು, ಗುಡ್ಡ ಏನು ನಿನಗೋಸ್ಕರ ತಗ್ಗಾಯ್ತದಾ?" ಎನ್ನುತ್ತಿದ್ದಳು.

ಐವತ್ತೆಂಟನೇ ಇಸವಿಯಲ್ಲಿ ಹಲಸಿನ ಮರದಿಂದ ಜಾರಿದ್ದು ಮಾತ್ರ ನಂಜಮ್ಮನೇ. ತೊಡೆಯ ಮೂಳೆ ಮುರಿಯಿತು. ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟಿದ. ಮೂಳೆ ಕೂಡಿತು, ಆದರೆ ಎಡಗಾಲು ಗಿಡ್ಡವಾಯಿತು. ಕೋಲೂರಿ ಅಂಗಳ ದಾಟುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. ಹನ್ನೆರಡರ ದೇವೀರಿ ಒಬ್ಬಳೇ ಹೊಳೆಗೆ ಹೋಗತೊಡಗಿದಳು. ಬಂದವಳು ಅವ್ವನ ಪಕ್ಕ ಕೂತು ನೀರು ಎಷ್ಟು ತಣ್ಣಗಿತ್ತು, ಯಾವ ಬಂಡೆಯ ಹತ್ತಿರ ಸುಳಿ ಇತ್ತು ಎಂದೆಲ್ಲ ಹೇಳುವಳು. ಅವ್ವನಿಗೆ ಖುಷಿಯಾಗಲಿ ಎಂದೇ ಹೇಳುತ್ತಿದ್ದಳು. ನಂಜಮ್ಮ ಅಕ್ಕಿಯ ಕಲ್ಲು ಆರಿಸುತ್ತ ಮುಖ ತಗ್ಗಿಸಿಯೇ ಇರುತ್ತಿದ್ದಳು.

ಎರಡು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಮಾದೇವಮ್ಮ ಏದುಸಿರು ಬಿಡುತ್ತ ಬಂದಳು. "ನಿನ್ ಮಗ್ಳು ಹೊಳೆ ದಾಟಿ ಆಚೆ ದಡ ಮುಟ್ಬುಟ್ಲು ಕಣೇ! ನೀನೂ ನಡೂ ಬಂಡೆ ದಾಟಿರ್ಲಿಲ್ಲ, ಅಲ್ವಾ?"

ಹೌದು, ದಾಟಿರಲಿಲ್ಲ. ಬರುವ ವರ್ಷ, ಬರುವ ವರ್ಷ ಎನ್ನುತ್ತಿದ್ದಾಗಲೇ ಮರದಿಂದ ಬಿದ್ದಿದ್ದಳು.

ದೇವೀರಿ ಓಡಿ ಬಂದು ಬಾಯಿ ತೆರೆಯುವ ಮೊದಲೇ ನಂಜಮ್ಮ ಹೇಳಿದಳು, "ನಾಳೆಯಿಂದ ಹೊಳೆ ಕಡೆ ಕಾಲಿಡಬೇಡ. ದೊಡ್ಡೋಳಾಗಿದೀಯ. ಜನ ಆಡ್ಕೋತಾರೆ."

ದ್ಯಾವಯ್ಯ ಬೆರಗಾದ. "ನಾನು ಹೇಳ್ದಾಗ ಒಂದ್ ದಿನ ಕೇಳ್ದೋಳಲ್ಲ ನೀನು," ಎಂದ.

ಹುಡುಗಿ ಎದುರಾಡಲಿಲ್ಲ. ರಾಗಿ ಬೀಸಿದಳು, ಕೊಟ್ಟಿಗೆ ಬಾಚಿದಳು, ಸಂಜೆಯಾದರೆ ಗೋಡೆಗೊರಗಿ ಕೂತಳು. ಮೊದಮೊದಲು ನಂಜಮ್ಮನಿಗೆ ಹಾಯೆನಿಸಿತು. ಈಗ ಇಬ್ಬರೂ ಒಂದೇ ಜಗಲಿಯವರು. ಆದರೆ ಮಗಳ ಭುಜ ಜೋತುಬಿದ್ದದ್ದು, ಊಟ ತಟ್ಟೆಯಲ್ಲೇ ಉಳಿಯುತ್ತಿದ್ದದ್ದು ಕಣ್ಣಿಗೆ ಬೀಳದೆ ಇರಲಿಲ್ಲ.

ಕೊನೆಗೆ ಒಂದು ದಿನ ದೇವೀರಿಯೇ ಕೇಳಿದಳು. "ನಿಜ ಹೇಳವ್ವ. ಜನ ಯಾವತ್ತು ಆಡ್ಕೊಂಡಿಲ್ಲ? ನೀನು ಯಾವತ್ತು ಕೇಳಿದೀಯ?"

ನಂಜಮ್ಮನಿಗೆ ಸುಳ್ಳು ಸಾಕಾಗಿತ್ತು. "ಹೊಟ್ಟೆ ಉರೀತದೆ ಕಣೇ," ಎಂದಳು. "ನೀನು ಒದ್ದೆ ಕೂದ್ಲಲ್ಲಿ ಬಂದ್ರೆ ಮೈಯೆಲ್ಲ ಉರೀತದೆ. ನಾನೇ ಕಲಿಸ್ದೆ, ನಾನೇ ಇಲ್ಲಿ ಕೂತಿದೀನಿ."

ದೇವೀರಿ ಅವ್ವನ ಗಿಡ್ಡ ಕಾಲನ್ನು ನೋಡಿದಳು. ಆಮೇಲೆ, "ನಡಿಯೋಕೆ ತಾನೇ ಆಗಲ್ಲ? ನೀರಲ್ಲಿ ಯಾರು ನಡೀತಾರೆ?" ಎಂದು ಅವ್ವನ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿದಳು.

ಹೊಳೆಗೆ ಹೋಗುವ ಇಳಿಜಾರಿನಲ್ಲಿ ನಂಜಮ್ಮ ನೋವಿಗೆ ಮಗಳನ್ನೇ ಬೈದಳು. ನೀರು ಸೊಂಟಕ್ಕೆ ಬಂದಾಗ ಬೈಗುಳ ನಿಂತಿತು. ಎದೆಗೆ ಬಂದಾಗ ಕಾಲಿನ ಭಾರವೇ ಇರಲಿಲ್ಲ. ಅವಳು ಕೈ ಬೀಸಿದಳು. ಎಡಗಾಲು ಸರಿಯಾಗಿ ಒದೆಯದೆ ಮೈ ಓರೆಯಾಗಿ ಹೋಗುತ್ತಿತ್ತು, ಆದರೂ ಹೋಗುತ್ತಿತ್ತು. ನಡುವಿನ ಬಂಡೆ ಹಿಡಿದು ಉಸಿರು ಬಿಡುತ್ತಿರುವಾಗ ಪಕ್ಕದಲ್ಲೇ ದೇವೀರಿ ಮೀನಿನ ಹಾಗೆ ಮುಂದೆ ಸಾಗಿ ಆಚೆ ದಡ ಹತ್ತಿ ಕೈಯಾಡಿಸಿದಳು. ನಂಜಮ್ಮನಿಗೆ ಮತ್ತೆ ಚುರ್ರೆಂದಿತು.

"ಕಾಲು ಬಡಿಯೋದು ಜಾಸ್ತಿಯಾಯ್ತು! ನೀರು ಸುಮ್ನೆ ಚೆಲ್ತೀಯ!" ಎಂದು ಬಂಡೆ ಹಿಡಿದುಕೊಂಡೇ ಕೂಗಿದಳು. ದೇವೀರಿ ಬಿದ್ದು ಬಿದ್ದು ನಕ್ಕಳು.

ಅಲ್ಲಿಂದ ಮುಂದೆ ಬೇಸಿಗೆ ಪೂರ್ತಿ ಇಬ್ಬರೂ ಒಟ್ಟಿಗೇ ಇಳಿದರು. ನಂಜಮ್ಮನಿಗೆ ಬಂಡೆಯಾಚೆಗೆ ಎಂದೂ ಹೋಗಲಾಗಲಿಲ್ಲ. ಐದಾರು ವರ್ಷದ ಮೇಲೆ ದೇವೀರಿ ಮದುವೆಯಾಗಿ ಆಲೂರಿನ ಕಡೆ ಹೋದಳು. ಅಲ್ಲಿ ಹೊಳೆಯಿಲ್ಲ, ಬರೀ ಸೇದುವ ಬಾವಿ ಎಂದು ಸುದ್ದಿ ಬಂದಾಗ ನಂಜಮ್ಮನಿಗೆ ಒಂದು ಗಳಿಗೆ ಒಳಗೊಳಗೇ ಹಿಗ್ಗಾಯಿತು. ಮರುಗಳಿಗೆಗೇ ಕಣ್ಣು ತುಂಬಿತು. ಸಕಲೇಶಪುರದ ಸಂತೆಗೆ ಬರುವ ಆ ಕಡೆಯವರಿಗೆ ದ್ಯಾವಯ್ಯನ ಬಾಯಲ್ಲಿ ಹೇಳಿ ಕಳಿಸಿದಳು: "ಬೇಸಿಗೆಗೆ ಬಂದ್ಬುಡು. ಹೊಳೆ ಇನ್ನೂ ಇಲ್ಲೇ ಐತೆ."